ಆಟಿಸಂ ಇರುವ ಮಗುವಿಗೆ ದಿನವೂ ಓಟ ರೂಢಿ ಮಾಡಿಸುವುದು ಹೇಗೆ: ಮೊದಲ ದಿನದಿಂದ ಹಂತ ಹಂತವಾಗಿ

"ನಾಲ್ಕು ದಿನ ಚೆನ್ನಾಗಿ ಬಂದ. ಐದನೇ ದಿನ ಬಾಗಿಲಲ್ಲೇ ಕೂತು ಕೂಗಾಡಿದ. ಬಿಟ್ಟುಬಿಟ್ಟೆವು."

ಕಾರವಾರ, ಕುಮಟಾ, ಶಿರಸಿ ಕಡೆಯ ತಾಯಂದಿರ ಬಾಯಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಡಾಕ್ಟರು ವ್ಯಾಯಾಮ ಮಾಡಿಸಿ ಅಂದಿರುತ್ತಾರೆ. ಹೇಗೆ ಅಂತ ಹೇಳಿರುವುದಿಲ್ಲ. ಭಾನುವಾರ ಸಂಜೆ ಮಗುವನ್ನು ಬೀಚಿಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಚುರುಮುರಿ ಗಾಡಿ, ಪೀಪಿ ಊದುವ ಮಕ್ಕಳು, ಜನಜಾತ್ರೆ. ಅದರ ನಡುವೆ ನಿಲ್ಲಿಸಿ "ಓಡು ಮಗಾ" ಅನ್ನುತ್ತಾರೆ. ಮಗು ಕಿವಿ ಮುಚ್ಚಿಕೊಂಡು ಮರಳಲ್ಲಿ ಬಿದ್ದು ಹೊರಳುತ್ತದೆ. ನಾನೂ ಹಾಗೇ ಶುರು ಮಾಡಿದ್ದೆ. ನನ್ನ ಮಗನಿಗೆ ಆಗ 6 ವರ್ಷ, ಈಗ 11.

ಮಗುವಿಗೆ ಓಡಲು ಬರುವುದಿಲ್ಲ ಅಂತಲ್ಲ. ಕ್ರಮ ತಪ್ಪುವುದು ನಾವು. ಮೊದಲು ಜಾಗ ಮತ್ತು ಹೊತ್ತು ಗಟ್ಟಿಯಾಗಬೇಕು. ಆಮೇಲೆ ನಡಿಗೆ. ವೇಗ ಎಲ್ಲಕ್ಕಿಂತ ಕೊನೆಗೆ. ನಾವು ವೇಗದಿಂದ ಶುರು ಮಾಡುತ್ತೇವೆ, ಅಲ್ಲೇ ಎಡವುತ್ತೇವೆ.

## ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ

ಓಡಿಸಿದರೆ ಆಟಿಸಂ ಹೋಗುವುದಿಲ್ಲ. ಹಾಗೆ ಯಾರಾದರೂ ಹೇಳಿ ದುಡ್ಡು ಕೇಳಿದರೆ ಎದ್ದು ಬನ್ನಿ. ಬದಲಾಗುವುದು ನಿದ್ದೆ, ಗಮನ, ಒಂದೇ ಕಡೆ ಕೂರುವ ಶಕ್ತಿ, ಮೈಯ ಹಿಡಿತ, ಆತಂಕ. ಎಲ್ಲ ಮಕ್ಕಳಲ್ಲೂ ಒಂದೇ ಅಳತೆಯಲ್ಲಿ ಬದಲಾಗುವುದಿಲ್ಲ.

ಮೈ ಬಿಸಿಯಾಗುವಷ್ಟು ಓಡಿದಾಗ ಮೆದುಳಿಗೆ ಹೋಗುವ ರಕ್ತ ಹೆಚ್ಚುತ್ತದೆ. ಡೋಪಮಿನ್, ಸೆರೊಟೊನಿನ್‌ನಂತಹ ರಾಸಾಯನಿಕಗಳ ಮಟ್ಟ ಬದಲಾಗುತ್ತದೆ. ಗಮನ ಮತ್ತು ಮನಸ್ಸಿನ ಸ್ಥಿತಿಗೆ ಇವು ಬೇಕು. ಬಿಡಿಎನ್‌ಎಫ್ ಅನ್ನುವ ಪ್ರೋಟೀನ್ ಕೂಡ ಏರುತ್ತದೆ. ನರಕೋಶಗಳು ಬೆಳೆಯಲು, ಒಂದಕ್ಕೊಂದು ಬೆಸೆದುಕೊಳ್ಳಲು ಅದು ನೆರವಾಗುತ್ತದೆ. ಹಣೆಯ ಹಿಂದಿರುವ ಮೆದುಳಿನ ಭಾಗ "ತಡಿ, ಕಾಯಿ, ಈಗ ಬೇರೆ ಕೆಲಸ" ಅನ್ನುವುದನ್ನು ನಿಭಾಯಿಸುತ್ತದೆ. ಹಿಂಭಾಗದ ಕಿರುಮೆದುಳು ಸಮತೋಲ ಮತ್ತು ಲಯ ನೋಡಿಕೊಳ್ಳುತ್ತದೆ. ಆಟಿಸಂ ಇರುವ ಅನೇಕರಲ್ಲಿ ಈ ಎರಡೂ ಕಡೆ ವ್ಯತ್ಯಾಸ ಕಂಡಿದೆ. ಓಟ, ಜಿಗಿತ, ಲಯಬದ್ಧ ಹೆಜ್ಜೆ ಎರಡಕ್ಕೂ ಕೆಲಸ ಕೊಡುತ್ತವೆ.

ಎರಡು ಅಧ್ಯಯನ ನೆನಪಿಟ್ಟುಕೊಳ್ಳಿ, ಮುಂದಿನ ಹಂತಗಳೆಲ್ಲ ಅವುಗಳ ಮೇಲೇ ನಿಂತಿವೆ. 1980ರ ದಶಕದ ಮೊದಲಲ್ಲಿ ಅಮೆರಿಕದಲ್ಲಿ ಆಟಿಸಂ ಇರುವ ಮಕ್ಕಳನ್ನು 15 ನಿಮಿಷ ಜಾಗಿಂಗ್ ಮಾಡಿಸಿ ನೋಡಿದರು. ಆಮೇಲೆ ಸ್ವಲ್ಪ ಹೊತ್ತು, ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವುದು ಕಡಿಮೆಯಾಯಿತು. ಅಷ್ಟೇ ಹೊತ್ತು ಮೆಲ್ಲಗೆ ಚೆಂಡಾಟ ಆಡಿಸಿದಾಗ ಅಂಥ ಬದಲಾವಣೆ ಕಾಣಲಿಲ್ಲ. 2012ರಲ್ಲಿ ಇರಾನಿನವರು ಇನ್ನೊಂದು ಅಧ್ಯಯನ ಪ್ರಕಟಿಸಿದರು. 30 ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ವಾರಕ್ಕೆ 4 ದಿನದಂತೆ 14 ವಾರ ಕರಾಟೆಯ ಕಟಾ, ಅಂದರೆ ಒಂದೇ ಕ್ರಮದಲ್ಲಿ ಮಾಡುವ ಚಲನೆಗಳ ಸಾಲು, ಕಲಿಸಿದ್ದರು. ಅವರಲ್ಲೂ ಅಂಥ ಚಲನೆ ಇಳಿಯಿತು. ಒಂದು ತಿಂಗಳು ಅಭ್ಯಾಸ ಬಿಟ್ಟರೂ ಮೊದಲಿನ ಮಟ್ಟಕ್ಕೆ ಏರಲಿಲ್ಲ. ಇಂಥ ಅಧ್ಯಯನಗಳಲ್ಲಿ ಮಕ್ಕಳ ಸಂಖ್ಯೆ ಕಡಿಮೆ, ಹಾಗಾಗಿ ಪವಾಡ ಅಂತ ತಿಳಿಯಬೇಡಿ. ಆದರೆ ದಾರಿ ಗೊತ್ತಾಗುತ್ತದೆ: ಉಸಿರು ಏರಬೇಕು, ಕ್ರಮ ಬದಲಾಗಬಾರದು, ತಿಂಗಳುಗಟ್ಟಲೆ ನಡೆಯಬೇಕು.

ಇನ್ನೊಂದು ಮಾತು. ಕೈ ಬಡಿಯುವುದು, ತೂಗಾಡುವುದು ಮಗು ತನಗೆ ತಾನೇ ಸಮಾಧಾನ ಮಾಡಿಕೊಳ್ಳುವ ದಾರಿ. ಅದನ್ನು ನಿಲ್ಲಿಸಲೆಂದು ಓಡಿಸಬೇಡಿ. ಮಗುವಿಗೆ ನೆಮ್ಮದಿಯಾಗಲಿ ಅಂತ ಓಡಿಸಿ.

## ಬೇಕಾದ ಸಾಮಾನು

ದುಬಾರಿ ಯಂತ್ರ ಯಾವುದೂ ಬೇಡ. ಮಗು ಆಗಲೇ ಹಾಕಿಕೊಳ್ಳುವ ಚಪ್ಪಲಿ ಅಥವಾ ಶೂ. ಹೊಸದು ತರಬೇಡಿ, ಹೊಸ ಶೂ ಒಂದೇ ಸಾಕು ಇಡೀ ಯೋಜನೆ ಕೆಡಿಸಲು. ನಾಲ್ಕು ಫೋಟೋ ಪ್ರಿಂಟು, ಒಂದು ರಟ್ಟು. ಶಬ್ದ ಮಾಡದ ಟೈಮರ್, ಅಂದರೆ ಮರಳು ಗಡಿಯಾರ ಅಥವಾ ಮೊಬೈಲಿನಲ್ಲಿ ಬಣ್ಣ ಕರಗುತ್ತಾ ಹೋಗುವಂಥದ್ದು. ನೀರಿನ ಬಾಟಲಿ. ಒಂದು ನೋಟ್‌ಬುಕ್. ಶಿರಸಿ ಕಡೆಯವರಾದರೆ ಗಟ್ಟಿಯಾದ ಎರಡು ಅಡಿಕೆ ಹಾಳೆ ತೆಗೆದಿಡಿ, ಮುಂದೆ ಬೇಕಾಗುತ್ತದೆ.

## ಹಂತ 1: ಡಾಕ್ಟರ ಹತ್ತಿರ ಮೂರು ವಿಷಯ ಕೇಳಿ

ಒಂದು, ಫಿಟ್ಸ್. ಆಟಿಸಂ ಇರುವ ಮಕ್ಕಳಲ್ಲಿ ಫಿಟ್ಸ್ ಬೇರೆ ಮಕ್ಕಳಿಗಿಂತ ಜಾಸ್ತಿ. ಒಂದು ಸಲ ಬಂದಿದ್ದರೂ ಹೇಳಿ. ಈಜು, ಸೈಕಲ್, ಎತ್ತರ ಹತ್ತುವುದು ಇವಕ್ಕೆ ಆಗ ನಿಯಮವೇ ಬೇರೆ.

ಎರಡು, ಔಷಧಿ. ಕೆಲವು ಔಷಧಿಗಳಿಂದ ಬೆವರು ಕಡಿಮೆಯಾಗುತ್ತದೆ, ಕೆಲವು ಮಂಪರು ತರುತ್ತವೆ, ಕೆಲವು ತೂಕ ಏರಿಸುತ್ತವೆ. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರದ ಮಗುವನ್ನು ಓಡಿಸುವುದು ಅಪಾಯ. ಔಷಧಿಯ ಹೆಸರು ಬರೆದುಕೊಂಡು ಹೋಗಿ ಕೇಳಿ. ಓಟ ಶುರುವಾಯಿತೆಂದು ಔಷಧಿಯನ್ನು ನೀವೇ ನಿಲ್ಲಿಸಬೇಡಿ.

ಮೂರು, ಕಾಲು ಮತ್ತು ಹೃದಯ. ತುದಿಗಾಲಲ್ಲಿ ನಡೆಯುವ ಅಭ್ಯಾಸ, ಸಡಿಲ ಕೀಲು, ಮೊದಲೇ ಇದ್ದ ಹೃದಯದ ತೊಂದರೆ, ಇವನ್ನು ಪರೀಕ್ಷಿಸಿ ನೋಡಲಿ.

## ಹಂತ 2: ಒಂದು ವಾರ ಸುಮ್ನೆ ನೋಡಿ

ಏನೂ ಮಾಡಿಸಬೇಡಿ. ಮಗು ತಾನಾಗಿ ಯಾವಾಗ ಜಿಗಿಯುತ್ತದೆ, ಯಾವಾಗ ಗರಗರ ತಿರುಗುತ್ತದೆ, ಯಾವಾಗ ಮೂಲೆ ಸೇರುತ್ತದೆ ಅಂತ ಬರೆದಿಡಿ. ಹಾಸಿಗೆ ಮೇಲೆ ದಿನವಿಡೀ ಜಿಗಿಯುವ ಮಗುವಿಗೆ ಜಿಗಿತವೇ ಬಾಗಿಲು. ಭಾರ ಎಳೆಯಲು, ತಳ್ಳಲು ಇಷ್ಟಪಡುವ ಮಗುವಿಗೆ ಅದೇ ಬಾಗಿಲು. ಪಾದಕ್ಕೆ ಮರಳು ತಾಗಿದರೆ ಚೀರುವ ಮಗುವನ್ನು ಬೀಚಿನಲ್ಲಿ ಬರಿಗಾಲಲ್ಲಿ ಬಿಟ್ಟರೆ ಅವತ್ತಿಗೇ ಕತೆ ಮುಗಿಯಿತು.

ಈ ವಾರವನ್ನು ಹಾರಿಸಿ ಮುಂದೆ ಹೋಗುವವರೇ ಜಾಸ್ತಿ. ದಯವಿಟ್ಟು ಹಾರಿಸಬೇಡಿ. ನನ್ನ ಮಗ ಕಂಬ ಕಂಡರೆ ಮುಟ್ಟುತ್ತಾನೆ ಅಂತ ನನಗೆ ತಿಳಿದದ್ದು ಈ ವಾರದಲ್ಲೇ. ಜಗಲಿಯ ಕಂಬ, ಬೀದಿ ದೀಪದ ಕಂಬ, ಬಸ್ಸಿನೊಳಗಿನ ಕಂಬ, ಯಾವುದನ್ನೂ ಬಿಡುತ್ತಿರಲಿಲ್ಲ. ನಮ್ಮ ಓಟವೆಲ್ಲ ಆಮೇಲೆ ಅದರ ಮೇಲೇ ಕಟ್ಟಿದ್ದು.

## ಹಂತ 3: ಒಂದೇ ಜಾಗ, ಒಂದೇ ಹೊತ್ತು

ಜಾಗಕ್ಕೆ ಕಣ್ಣಿಗೆ ಕಾಣುವ ಶುರು ಮತ್ತು ಕೊನೆ ಇರಬೇಕು. "ಸ್ವಲ್ಪ ದೂರ ಓಡು" ಅನ್ನುವುದು ಈ ಮಕ್ಕಳಿಗೆ ಅರ್ಥವಾಗದ ಮಾತು. ಎಲ್ಲಿವರೆಗೆ? ಕಾರವಾರದ ಟಾಗೋರ್ ಬೀಚಿನಲ್ಲಿ ನಾವು ಒಂದು ಗಾಳಿಮರ ಹಿಡಿದೆವು. ಅಲ್ಲಿಂದ ಯುದ್ಧನೌಕೆ ಮ್ಯೂಸಿಯಂ ಕಡೆಗೆ ಇನ್ನೊಂದು ಗಾಳಿಮರ. ಇದನ್ನು ಮುಟ್ಟು, ಅದನ್ನು ಮುಟ್ಟು, ಅಷ್ಟೇ. ಶಿರಸಿ ಕಡೆ ತೋಟವಿದ್ದರೆ ಒಂದು ಸಾಲಿನ ಅಡಿಕೆ ಮರಗಳೇ ಸಾಕು. ತೋಟದ ಸಂಕ, ಅಂದರೆ ಕಾಲುಸೇತುವೆ, ದಾಟುವ ದಾರಿ ಮಾತ್ರ ಆರಿಸಬೇಡಿ. ಪಾಚಿ ಕಟ್ಟಿರುತ್ತದೆ, ಕೆಳಗೆ ಹಳ್ಳ.

ಹೊತ್ತು ಅಂದರೆ ಬೆಳಿಗ್ಗೆ. ನಮ್ಮ ಬೀಚಿಗೆ ಬಿಸಿಲು ಗುಡ್ಡದ ಹಿಂದಿನಿಂದ ಬರುವುದರಿಂದ ಏಳು ಗಂಟೆಯ ಹೊತ್ತಿಗೂ ಮರಳು ತಂಪಾಗಿರುತ್ತದೆ, ಜನ ಕಡಿಮೆ, ಶಬ್ದ ಕಡಿಮೆ. ಇಳಿತದ ಹೊತ್ತಾದರೆ ಒದ್ದೆ ಮರಳು ಗಟ್ಟಿಯಾಗಿ ಓಡಲು ಸಲೀಸು. ಒಣ ಮರಳಲ್ಲಿ ಬೇಗ ದಣಿವಾಗುತ್ತದೆ, ಶುರುವಿಗೆ ಬೇಡ.

ಇನ್ನೊಂದು ಲಾಭ. ಓಟದ ನಂತರದ ಗಮನ ದಿನವಿಡೀ ಉಳಿಯುವುದಿಲ್ಲ, ಹೆಚ್ಚೆಂದರೆ ಒಂದೆರಡು ಗಂಟೆ. ಶಾಲೆಗೆ ಅಥವಾ ಥೆರಪಿಗೆ ಕೂರುವ ಸ್ವಲ್ಪ ಮೊದಲು ಓಟ ಮುಗಿದರೆ ಆ ಹೊತ್ತು ಪೂರ್ತಿ ಉಪಯೋಗಕ್ಕೆ ಬರುತ್ತದೆ. ರಾತ್ರಿ ಮಲಗುವ ಮುಂಚೆ ಜೋರು ಓಟ ಬೇಡ. ಕೆಲವು ಮಕ್ಕಳು ಅದರಿಂದ ಇನ್ನೂ ಎಚ್ಚರವಾಗುತ್ತಾರೆ.

ಮೊದಲ ಮೂರು ದಿನ ಆ ಜಾಗಕ್ಕೆ ಹೋಗಿ, ಮರ ಮುಟ್ಟಿ, ನೀರು ಕುಡಿದು ವಾಪಸ್ ಬನ್ನಿ. ಓಟ ಇಲ್ಲ.

## ಹಂತ 4: ಚಿತ್ರದ ಪಟ್ಟಿ ಮಾಡಿ

ಬಾಯಿಮಾತು ಗಾಳಿಯಲ್ಲಿ ಹೋಗುತ್ತದೆ, ಚಿತ್ರ ಎದುರಿಗೇ ಇರುತ್ತದೆ. ನಾಲ್ಕು ಫೋಟೋ ಸಾಕು: ಚಪ್ಪಲಿ, ಮೊದಲ ಮರ, ಎರಡನೇ ಮರ, ಮನೆಯ ಬಾಗಿಲು. ಇಂಟರ್ನೆಟ್ಟಿನಿಂದ ತೆಗೆದ ಕಾರ್ಟೂನ್ ಚಿತ್ರ ಬೇಡ. ಅವನದೇ ಚಪ್ಪಲಿ, ಅದೇ ಮರ ಇರಲಿ. ಒಂದು ಮುಗಿದ ಕೂಡಲೇ ಮಗುವೇ ಆ ಫೋಟೋ ತೆಗೆದು ಚೀಲಕ್ಕೆ ಹಾಕಲಿ.

ಕೊನೆಯ ಚಿತ್ರ ಬಹಳ ಮುಖ್ಯ. ಇದು ಯಾವಾಗ ಮುಗಿಯುತ್ತದೆ ಅಂತ ತಿಳಿಯದಿದ್ದರೆ ಯಾರಿಗಾದರೂ ದಿಗಿಲಾಗುತ್ತದೆ, ಅಲ್ವಾ? ಐದನೇ ದಿನ ಬಾಗಿಲಲ್ಲಿ ಕೂರುವ ಮಕ್ಕಳಲ್ಲಿ ಎಷ್ಟೋ ಮಂದಿಗೆ ಇರುವುದು ಈ ದಿಗಿಲೇ. ಸೋಮಾರಿತನವಲ್ಲ.

## ಹಂತ 5: ಮೂರು ನಿಮಿಷದಿಂದ ಶುರು

ಹೌದು, ಮೂರೇ ನಿಮಿಷ. ನಡಿಗೆ ಮಾತ್ರ. ಮಗು ಇನ್ನೂ ಬೇಕು ಅಂದರೂ ಅವತ್ತಿಗೆ ನಿಲ್ಲಿಸಿ. ಖುಷಿಯಲ್ಲಿ ಮುಗಿದ ದಿನವೇ ನಾಳೆ ಚಪ್ಪಲಿ ಹಾಕಿಸುತ್ತದೆ.

ನೀವೂ ಜೊತೆಗೆ ನಡೆಯಿರಿ, ಪಕ್ಕದಲ್ಲಿ, ಎದುರಿಗೆ ನಿಂತು ಕೈ ಬೀಸಿ ಕರೆಯುತ್ತಾ ಅಲ್ಲ. ಮಾತು ಕಡಿಮೆ. ನಾನು ಬಳಸುತ್ತಿದ್ದದ್ದು ಎರಡೇ ಪದ: "ಮುಟ್ಟು", "ಮುಗೀತು". ಕೈ ಹಿಡಿದು ಎಳೆಯಬೇಡಿ. ನಿಂತರೆ ನೀವೂ ನಿಲ್ಲಿ, ಹತ್ತು ಎಣಿಸಿ, ಪಟ್ಟಿಯ ಚಿತ್ರ ತೋರಿಸಿ.

ಎಂಟನೇ ದಿನ ನಡೆದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವನು ಮೊದಲ ಮರ ಮುಟ್ಟಿದ. ಅಂಗೈಯನ್ನು ತೊಗಟೆ ಮೇಲೆ ಉಜ್ಜಿದ, ಮೂಗಿನ ಹತ್ತಿರ ತಂದು ಮೂಸಿದ. ಆಮೇಲೆ ನನ್ನ ಕೈ ಹಿಡಿದು ಅದೇ ತೊಗಟೆ ಮೇಲೆ ಇಟ್ಟ. ಮಾತಿಲ್ಲ. ಅಲ್ಲಿಂದ ಎರಡನೇ ಮರದ ಕಡೆಗೆ ಹೊರಟವನು ಅರ್ಧ ದಾರಿಯಲ್ಲಿ ತಾನಾಗಿಯೇ ಓಡಿದ. ನಾನು ಓಡು ಅಂದಿರಲಿಲ್ಲ.

ಐದು ದಿನಗಳಲ್ಲಿ ನಾಲ್ಕು ದಿನ ಗಲಾಟೆಯಿಲ್ಲದೆ ಮುಗಿದರೆ ಒಂದೆರಡು ನಿಮಿಷ ಸೇರಿಸಿ. ಇಲ್ಲದಿದ್ದರೆ ಅಲ್ಲೇ ಇರಿ. ನಮಗೆ 15 ನಿಮಿಷ ಮುಟ್ಟಲು ಎರಡೂವರೆ ತಿಂಗಳು ಹಿಡಿಯಿತು.

## ಹಂತ 6: ಈಗ ವೇಗ

ಹತ್ತು ನಿಮಿಷದ ನಡಿಗೆ ಗಟ್ಟಿಯಾದ ಮೇಲೆ ನಡುವೆ ಅರ್ಧ ನಿಮಿಷ ಓಟ ಸೇರಿಸಿ, ಒಂದು ನಿಮಿಷ ನಡಿಗೆ, ಮತ್ತೆ ಅರ್ಧ ನಿಮಿಷ ಓಟ. ನಿಧಾನವಾಗಿ ಓಟದ ಪಾಲು ಏರಲಿ. ಸಾಕಷ್ಟು ಜೋರಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಮಾತಾಡುವ ಮಗುವಾದರೆ ನಾಲ್ಕು ಪದ ಹೇಳಲು ಆಗಬೇಕು, ಹಾಡಲು ಆಗಬಾರದು. ಮಾತು ಬಾರದ ಮಗುವಾದರೆ ಎದೆ ನೋಡಿ, ಕತ್ತಿನ ಬೆವರು ನೋಡಿ, ಕೆನ್ನೆ ಕೆಂಪಾಗಿದೆಯೇ ನೋಡಿ.

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷದ ಚಟುವಟಿಕೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2020ರ ಮಾರ್ಗಸೂಚಿಯಲ್ಲಿ ಅಂಗವಿಕಲತೆ ಇರುವ ಮಕ್ಕಳಿಗೂ ಇದನ್ನೇ ಹೇಳಿದೆ. ಹೆದರಬೇಡಿ, ಅದು ಒಂದೇ ಸಲಕ್ಕೆ ಆಗಬೇಕಿಲ್ಲ. ಬೆಳಿಗ್ಗೆ ಓಟ, ಸಂಜೆ ಅಂಗಳದಲ್ಲಿ ಕೆಲಸ, ನಡುವೆ ಜೋಕಾಲಿ, ಎಲ್ಲ ಸೇರುತ್ತದೆ.

ಓಟ ಒಲ್ಲದ ಮಗುವಿಗೆ ಎಳೆಯುವ, ಹೊರುವ ಕೆಲಸ ಕೊಡಿ. ಅಡಿಕೆ ಹಾಳೆ ಮೇಲೆ ತಂಗಿಯನ್ನು ಕೂರಿಸಿ ಅಂಗಳದ ಈ ತುದಿಯಿಂದ ಆ ತುದಿಗೆ ಎಳೆಯುವುದಕ್ಕಿಂತ ಒಳ್ಳೆಯ ವ್ಯಾಯಾಮ ನಾನು ಕಂಡಿಲ್ಲ. ಸ್ನಾಯು, ಕೀಲುಗಳ ಮೇಲೆ ಹೀಗೆ ಒತ್ತಡ ಬಿದ್ದಾಗ ಎಷ್ಟೋ ಮಕ್ಕಳು ಶಾಂತವಾಗುತ್ತಾರೆ. ಕೂರಲು ಯಾರೂ ಇಲ್ಲದಿದ್ದರೆ ಎರಡು ತೆಂಗಿನಕಾಯಿ ಇಡಿ, ವಾರಕ್ಕೊಂದು ಕಾಯಿ ಸೇರಿಸಿ.

## ಹಂತ 7: ಮುಗಿಸುವುದನ್ನೂ ಕಲಿಸಿ

ಓಟದಿಂದ ನೇರ ಸ್ಕೂಟರ್ ಹತ್ತಿಸಬೇಡಿ. ಐದು ನಿಮಿಷ ನಿಧಾನ ನಡಿಗೆ, ಆಮೇಲೆ ಕೂತು ನೀರು. ಈ ಮಕ್ಕಳಲ್ಲಿ ಅನೇಕರಿಗೆ ಬಾಯಾರಿಕೆ, ನೋವು ಸರಿಯಾಗಿ ಗೊತ್ತಾಗುವುದಿಲ್ಲ, ಗೊತ್ತಾದರೂ ಹೇಳಲು ಬರುವುದಿಲ್ಲ. ಹಾಗಾಗಿ ಕೇಳಬೇಡಿ, ಕೊಡಿ. ನಮ್ಮಲ್ಲಿ ಬೇಸಿಗೆಗೆ ಮುರುಗಲು ಶರಬತ್ತು, ಕೆಲವೊಮ್ಮೆ ಸಿಯಾಳ. ಮನೆಗೆ ಬಂದ ಮೇಲೆ ದಿನವೂ ಪಾದ ತಿರುಗಿಸಿ ನೋಡಿ. ಚಿಪ್ಪು ಚುಚ್ಚಿ ರಕ್ತ ಬಂದರೂ ನನ್ನ ಮಗ ಒಂದು ಸಲ ಹೇಳಿರಲಿಲ್ಲ.

## ಸಮುದ್ರದ ಬಗ್ಗೆ ಎಚ್ಚರಿಕೆ

ಆಟಿಸಂ ಇರುವ ಅನೇಕ ಮಕ್ಕಳಿಗೆ ನೀರಿನ ಸೆಳೆತ ವಿಪರೀತ, ಅಪಾಯದ ಅರಿವು ಕಡಿಮೆ. ಹೇಳದೆ ಕೇಳದೆ ಹೊರಟುಬಿಡುವ ಸ್ವಭಾವವೂ ಇರುತ್ತದೆ. ಮುಳುಗಿ ಸಾಯುವ ಅಪಾಯ ಇವರಿಗೆ ಬೇರೆ ಮಕ್ಕಳಿಗಿಂತ ಬಹಳ ಹೆಚ್ಚು. ಬೀಚಿನಲ್ಲಿ ಓಡಿಸುವಾಗ ನೀರಿನ ಬದಿಗೆ ನೀವಿರಿ, ಮಗು ಒಳಬದಿಗೆ ಇರಲಿ. ಕೈಗೆಟಕುವ ದೂರ ದಾಟಬಾರದು. ಮೊಬೈಲ್ ಜೇಬಿನಲ್ಲೇ ಇರಲಿ. ಮಗುವಿನ ಅಂಗಿ ಬಣ್ಣ ಎದ್ದು ಕಾಣುವಂತಿರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಚಿಗೆ ಹೋಗಲೇಬೇಡಿ.

ದಿನವೂ ಬೀಚಿಗೆ ಹೋಗಿ ದಾರಿ ರೂಢಿಯಾದ ಮಗು ಒಂದು ದಿನ ಒಂಟಿಯಾಗಿಯೇ ಹೊರಡಬಹುದು. ಇದನ್ನು ಯಾರೂ ಮೊದಲೇ ಯೋಚಿಸುವುದಿಲ್ಲ. ಬಾಗಿಲಿಗೆ ಮೇಲಿನ ಅಗಳಿ ಹಾಕಿಸಿ. ದಾರಿಯ ಅಂಗಡಿಯವರಿಗೆ, ಅಕ್ಕಪಕ್ಕದವರಿಗೆ ಮಗುವಿನ ಗುರುತು ಹೇಳಿ, ನಿಮ್ಮ ನಂಬರ್ ಕೊಟ್ಟಿಡಿ. ಬಾವಿ, ಕೆರೆ, ಕಾಲುವೆ ಪಕ್ಕದ ಮನೆಯವರಿಗೂ ಇದೇ ಮಾತು.

## ಹಂತ 8: ಮಳೆಗಾಲಕ್ಕೆ ಮೊದಲೇ ತಯಾರಿ

ನಮ್ಮಲ್ಲಿ ಅರ್ಧ ರೂಢಿಗಳು ಜೂನ್ ಮೊದಲ ವಾರದಲ್ಲೇ ಸಾಯುತ್ತವೆ. ಮಳೆ ಬಿದ್ದ ದಿನ ಹೊಸದನ್ನು ಹುಡುಕಿದರೆ ಆಗುವುದಿಲ್ಲ. ಏಪ್ರಿಲ್‌ನಲ್ಲೇ ವಾರಕ್ಕೆರಡು ದಿನ ಒಳಗಿನ ಪಟ್ಟಿ ಅಭ್ಯಾಸ ಮಾಡಿಸಿ. ಅದಕ್ಕೂ ಬೇರೆ ಫೋಟೋ, ಬೇರೆ ರಟ್ಟು.

ಒಳಗೆ ಏನು ಮಾಡಿಸಬಹುದು? ಜಗಲಿಯಲ್ಲಿ ಸೀಮೆಸುಣ್ಣದ ಕುಂಟಾಬಿಲ್ಲೆ, ಹಳೆ ಹಾಸಿಗೆ ಮೇಲೆ ಎಣಿಸಿ ಜಿಗಿತ, ಗೋಡೆ ತಳ್ಳುವುದು, ಮೆಟ್ಟಿಲು. ನಮ್ಮಲ್ಲಿ ಚೆನ್ನಾಗಿ ಹಿಡಿದದ್ದು ಯಕ್ಷಗಾನದ ಹೆಜ್ಜೆ. ಕಟಾದ ಹಾಗೆ ಇಲ್ಲೂ ಒಂದಾದ ಮೇಲೊಂದು ಹೆಜ್ಜೆ, ಲೆಕ್ಕ ಬದಲಾಗುವುದಿಲ್ಲ. ಎಂಟು ಹೆಜ್ಜೆಯ ಒಂದೇ ತುಂಡನ್ನು ತಿಂಗಳು ಪೂರ್ತಿ ಮಾಡಿಸಿ. ಚೆಂಡೆ ಬೇಡ, ಶಬ್ದಕ್ಕೆ ಬೆಚ್ಚುವ ಮಗುವಿಗೆ ಅದು ಹಿಂಸೆ. ತೊಡೆ ತಟ್ಟಿ ತಾಳ ಹಾಕಿದರೆ ಸಾಕು.

## ಮತ್ತೆ ಮತ್ತೆ ಆಗುವ ತಪ್ಪುಗಳು

ಓಟವನ್ನು ಶಿಕ್ಷೆ ಮಾಡುವುದು ಎಲ್ಲಕ್ಕಿಂತ ಕೆಟ್ಟದ್ದು. ತಟ್ಟೆ ಎಸೆದದ್ದಕ್ಕೆ "ನಡಿ, ಎರಡು ಸುತ್ತು ಓಡು" ಅಂದರೆ ಮೂರು ತಿಂಗಳ ಶ್ರಮ ಒಂದೇ ದಿನಕ್ಕೆ ನೀರಿಗೆ ಬಿತ್ತು.

ಅಕ್ಕನ ಮಗನ ಜೊತೆ ಪಂದ್ಯ ಕಟ್ಟುವುದು ಇನ್ನೊಂದು. ಗುಂಪು ಆಟದಲ್ಲಿ ನಿಯಮ, ಗಲಾಟೆ, ಸರದಿ ಎಲ್ಲ ಒಟ್ಟಿಗೆ ಬರುತ್ತದೆ. ಅದು ವರ್ಷದ ಕೊನೆಗೆ ಬರಬೇಕಾದದ್ದು, ಮೊದಲಿಗಲ್ಲ. ನನ್ನ ಮಗನನ್ನು ಒಂದು ಶಾಲೆಯಲ್ಲಿ ಮೊದಲ ದಿನವೇ ಕಬಡ್ಡಿಗೆ ಇಳಿಸಿದರು, ಅವನು ಹೆದರಿ ಒಬ್ಬನನ್ನು ಕಚ್ಚಿದ. ಮಾರನೇ ದಿನದಿಂದ ಆಟದ ಪಿರಿಯಡ್‌ನಲ್ಲಿ ಕ್ಲಾಸಿನೊಳಗೆ ಒಬ್ಬನೇ ಕೂತ. ಎರಡೂ ತಪ್ಪು. ಅವನಿಗೆ ಬೇಕಿದ್ದದ್ದು ಮೈದಾನದ ಅಂಚಿನಲ್ಲಿ ಒಂದು ಗೆರೆ ಮತ್ತು ಪಕ್ಕದಲ್ಲಿ ಓಡುವ ಒಬ್ಬರು.

ಎರಡು ಬದಲಾವಣೆ ಒಟ್ಟಿಗೆ ಮಾಡಬೇಡಿ. ಹೊಸ ಜಾಗಕ್ಕೆ ಹೋದ ದಿನ ಹಳೆ ಶೂ, ಹಳೆ ಹೊತ್ತು. ನಿಮಿಷ ಏರಿಸಿದ ವಾರ ಬೇರೇನೂ ಮುಟ್ಟಬೇಡಿ.

ಎರಡು ವಾರದಲ್ಲಿ ಫಲ ಹುಡುಕಬೇಡಿ. ಮೂರು ತಿಂಗಳು ಕೊಡಿ. ದಿನವೂ ನೋಟ್‌ಬುಕ್‌ನಲ್ಲಿ ನಾಲ್ಕೇ ವಿಷಯ ಬರೆಯಿರಿ: ಎಷ್ಟು ನಿಮಿಷ ಓಡಿದ, ರಾತ್ರಿ ಎಷ್ಟಕ್ಕೆ ಮಲಗಿದ, ಕೂತು ಎಷ್ಟು ನಿಮಿಷ ಬರೆದ, ಎಷ್ಟು ಸಲ ತಡೆಯಲಾಗದೆ ಅತ್ತ. ನೆನಪು ಮೋಸ ಮಾಡುತ್ತದೆ, ಪುಸ್ತಕ ಮಾಡುವುದಿಲ್ಲ.

## ನಿಲ್ಲಿಸಬೇಕಾದ ಸೂಚನೆಗಳು

ಅವತ್ತಿಗೆ ನಿಲ್ಲಿಸಿ: ಕಿವಿ ಮುಚ್ಚಿಕೊಂಡು ಬಿಡದಿದ್ದರೆ, ಕುಂಟಿದರೆ, ಮುಖ ಬಿಳುಚಿದರೆ, ತನ್ನ ಕೈ ಕಚ್ಚಿಕೊಂಡರೆ. ನೆರಳಿಗೆ ಕರೆದುಕೊಂಡು ಹೋಗಿ, ಮಾತಾಡಬೇಡಿ, ಪಕ್ಕದಲ್ಲಿ ಕೂರಿ.

ತಕ್ಷಣ ಆಸ್ಪತ್ರೆಗೆ ಹೋಗಿ: ತುಟಿ ನೀಲಿಯಾದರೆ, ಎದೆ ಹಿಡಿದುಕೊಂಡರೆ, ಮೈ ಕಾದು ತಲೆ ತಿರುಗಿ ತಡಬಡಿಸಿದರೆ, ಪ್ರಜ್ಞೆ ತಪ್ಪಿದರೆ, ಮೊದಲ ಸಲ ಫಿಟ್ಸ್ ಬಂದರೆ. ಫಿಟ್ಸ್ ಬಂದಾಗ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.

ಎರಡು ವಾರದಿಂದ ನಿದ್ದೆ ಕೆಡುತ್ತಿದ್ದರೆ, ತಲೆ ಚಚ್ಚಿಕೊಳ್ಳುವುದು ಏರಿದ್ದರೆ, ಓಟದ ನಿಮಿಷ ಅರ್ಧಕ್ಕೆ ಇಳಿಸಿ ಡಾಕ್ಟರನ್ನು ಅಥವಾ ಥೆರಪಿಸ್ಟನ್ನು ಕಾಣಿ. ಹಲ್ಲುನೋವು, ಮಲಬದ್ಧತೆ, ಕಿವಿನೋವು ಕೂಡ ಹೀಗೆ ಕಾಣಿಸಿಕೊಳ್ಳುತ್ತವೆ.

## ಹಂತ 9: ಇನ್ನೊಬ್ಬರ ಕೈಗೆ ಒಪ್ಪಿಸುವುದು

ನಿಮ್ಮೊಬ್ಬರ ಜೊತೆ ಮಾತ್ರ ಓಡುವ ಮಗು ನಿಮಗೆ ಜ್ವರ ಬಂದ ದಿನ ಓಡುವುದಿಲ್ಲ. ನಾಲ್ಕೈದು ತಿಂಗಳಾದ ಮೇಲೆ ಎರಡನೆಯವರನ್ನು ಸೇರಿಸಿ. ಮೊದಲ ವಾರ ಅವರು ಹಿಂದೆ ನಡೆಯಲಿ. ಎರಡನೇ ವಾರ ಪಕ್ಕದಲ್ಲಿ. ಮೂರನೇ ವಾರ ನೀವು ಹಿಂದೆ ಸರಿಯಿರಿ. ಶಾಲೆಯವರಿಗಾದರೆ ಒಂದೇ ಕೋರಿಕೆ: ಮೊದಲ ಪಿರಿಯಡ್‌ಗೆ ಮುಂಚೆ ಹತ್ತು ನಿಮಿಷ, ಒಂದೇ ಗೆರೆ, ಅದೇ ಪಟ್ಟಿ.

ಶಿರಸಿಯ ತವರಿನಲ್ಲಿ ಈಗ ಅವನನ್ನು ಓಡಿಸುವವರು ನನ್ನ ಅಪ್ಪ. ತೋಟದ ಒಂದು ಸಾಲಿನಲ್ಲಿ 12 ಮರಕ್ಕೆ ಸುಣ್ಣದ ಬೊಟ್ಟು ಇಟ್ಟಿದ್ದಾರೆ. ಅವನು ಬೊಟ್ಟು ಮುಟ್ಟುತ್ತಾ ಓಡುತ್ತಾನೆ, ಅಜ್ಜ ಎಲೆಅಡಿಕೆಯ ಕವಳ ಹಾಕಿಕೊಂಡು ಹಿಂದೆ ನಡೆಯುತ್ತಾರೆ. ರಟ್ಟಿನ ಹಿಂಬದಿಗೆ ನಾನು ಅವರಿಗಾಗಿ ಬರೆದುಕೊಟ್ಟದ್ದು ಇಷ್ಟು, ಬೇಕಿದ್ದರೆ ನೀವೂ ಹೀಗೇ ಬರೆದುಕೊಡಿ: "ಅಪ್ಪಾ, ಅವಸರ ಮಾಡಬೇಡ. ನಿಂತರೆ ಹತ್ತು ಎಣಿಸು. ಹನ್ನೆರಡನೇ ಮರದ ಹತ್ತಿರ 'ಮುಗೀತು' ಅನ್ನು. ನೀರು ಕೇಳುವುದಿಲ್ಲ, ನೀನೇ ಕೊಡು. ಕೆರೆಯ ಕಡೆ ಮುಖ ಮಾಡಿದರೆ ಕೈ ಹಿಡಿ."